ಜೇಮ್ಸ್ ವುಲ್ಫೆನ್‌ಸನ್ ಅವರನ್ನು ಹುದ್ದೆಯಿಂದಷ್ಟೇ ನೆನೆದರೆ ಸಾಲದು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ವಿಶ್ವ ಬ್ಯಾಂಕಿನ ಹೆಸರು ನಮ್ಮ ಪತ್ರಿಕೆಗಳಲ್ಲಿ ಕಾಣಿಸುವುದು ಬಹುಮಟ್ಟಿಗೆ ಒಂದು ಸಾಲದ ಮೊತ್ತದ ಜೊತೆಯಲ್ಲಿ. ಇಷ್ಟು ಕೋಟಿ ಬಂತು, ಇಂಥ ಷರತ್ತು ಹಾಕಿದರು, ಇಂಥ ಯೋಜನೆಗೆ ಒಪ್ಪಿಗೆ ದೊರೆಯಿತು ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಆ ಸಂಸ್ಥೆಯನ್ನು ನಡೆಸಿದವರು ಯಾರು, ಎಂಥ ಮನೆಯಿಂದ ಬಂದವರು, ಹಣವನ್ನು ಯಾವ ಕಣ್ಣಿನಿಂದ ನೋಡಿದವರು ಎಂಬುದು ಓದುಗರನ್ನು ತಲುಪುವುದೇ ಇಲ್ಲ. 1995ರಿಂದ 2005ರವರೆಗೆ ಹತ್ತು ವರ್ಷ ಅದರ ಅಧ್ಯಕ್ಷರಾಗಿದ್ದ ಜೇಮ್ಸ್ ವುಲ್ಫೆನ್‌ಸನ್ 2020ರ ನವೆಂಬರ್ 25ರಂದು ನ್ಯೂಯಾರ್ಕಿನಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಜಗತ್ತು ಕೋವಿಡ್ಡಿನ ಸಾವುಗಳನ್ನು ಎಣಿಸುತ್ತಿತ್ತು. ಆ ಗದ್ದಲದಲ್ಲಿ ಅವರ ಬಗ್ಗೆ ಬರಬೇಕಾದಷ್ಟು ಬರಲಿಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ. ಸಾಲ ಮಂಜೂರಾತಿ ಮತ್ತು ವಸೂಲಾತಿಯ ಕೆಲಸದಲ್ಲೇ ಬದುಕು ಕಳೆದ ನಿವೃತ್ತ ಬ್ಯಾಂಕ್ ಅಧಿಕಾರಿಯಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದ್ದರೆ ತಾವು ಸಹಿಸಿಕೊಳ್ಳಬೇಕು.

ವುಲ್ಫೆನ್‌ಸನ್ ಹುಟ್ಟಿದ್ದು 1933ರ ಡಿಸೆಂಬರ್ 1ರಂದು, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. ತಂದೆ ಹೈಮನ್ ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯಲ್ಲಿದ್ದವರು, ಆ ಬಳಿಕ ಲಂಡನ್ನಿನಲ್ಲಿ ಯುರೋಪಿನ ಹೆಸರಾಂತ ಬ್ಯಾಂಕಿಂಗ್ ಮನೆತನವಾದ ರಾಥ್‌ಚೈಲ್ಡ್ ಮನೆತನದ ಜೇಮ್ಸ್ ಡಿ ರಾಥ್‌ಚೈಲ್ಡ್ ಅವರ ಆಪ್ತ ಕಾರ್ಯದರ್ಶಿಯಾಗಿದ್ದವರು. ಆ ದೊಡ್ಡ ಮನೆಯ ನಂಟು ಕಡಿದು, ಸಮುದ್ರ ದಾಟಿ ಹೊಸ ದೇಶಕ್ಕೆ ಬಂದ ಮೇಲೆ ಅವರಿಗೆ ಆ ಮಟ್ಟದ ಏಳಿಗೆ ಮತ್ತೆ ದಕ್ಕಲಿಲ್ಲ. ಮಗನಿಗೆ ಹಳೆಯ ಧಣಿಯ ಹೆಸರನ್ನೇ ಇಟ್ಟರು. ಮನೆಯಲ್ಲಿ ಪುಸ್ತಕವಿತ್ತು, ಸಂಗೀತವಿತ್ತು, ಹಣ ಮಾತ್ರ ಸದಾ ಸಾಲುತ್ತಿರಲಿಲ್ಲ. ಏಳು ವರ್ಷದ ಹುಡುಗನಾಗಿದ್ದಾಗಲೇ ತಮಗೆ ಮನೆಯ ಹಣದ ಆತಂಕ ತಿಳಿದಿತ್ತೆಂದು ಅವರು ದೊಡ್ಡವರಾದ ಮೇಲೆ ಹೇಳಿಕೊಂಡಿದ್ದಾರೆ. ಮುಂದೆ ಜಗತ್ತಿನ ಅತಿ ದೊಡ್ಡ ಕಂಪನಿಗಳಿಗೆ ಸಲಹೆ ಕೊಟ್ಟು ಅಪಾರ ಸಂಪತ್ತು ಗಳಿಸಿದ ಈ ಮನುಷ್ಯ, ಸಾಲಗಾರ ದೇಶದ ಮಂತ್ರಿಯೊಬ್ಬ ಎದುರಿಗೆ ಕುಳಿತಾಗ ಅವನ ಹಿಂದೆ ನಿಂತಿರುವ ಮನೆಗಳನ್ನು ನೋಡಬಲ್ಲವರಾಗಿದ್ದರೆ, ಅದರ ಮೂಲ ಸಿಡ್ನಿಯ ಆ ಮನೆಯಲ್ಲೇ ಇದೆ ಎಂಬುದು ನನ್ನ ದೃಢವಾದ ನಂಬಿಕೆ.

ಹದಿನಾರನೆಯ ವಯಸ್ಸಿಗೇ ಸಿಡ್ನಿ ವಿಶ್ವವಿದ್ಯಾಲಯ ಸೇರಿದ ಅವರು ಆರಂಭದಲ್ಲಿ ಪರೀಕ್ಷೆಗಳಲ್ಲಿ ಎಡವಿದರು. ಆಮೇಲೆ ಸಾವರಿಸಿಕೊಂಡು ಕಾನೂನು ಪದವಿ ಪಡೆದರು, ವಾಯುಪಡೆಯಲ್ಲಿ ಅಧಿಕಾರಿಯಾದರು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಕತ್ತಿವರಸೆ ತಂಡದಲ್ಲಿ ಆಡಿದರು. ಬಳಿಕ ಅಮೆರಿಕದ ಹಾರ್ವರ್ಡ್‌ಗೆ ಹೋಗಿ 1959ರಲ್ಲಿ ಎಂಬಿಎ ಮುಗಿಸಿದರು. ಅಲ್ಲಿಯೇ ಅವರಿಗೆ ಇಲೇನ್ ಬಾಟ್ವಿನಿಕ್ ಅವರ ಪರಿಚಯವಾದದ್ದು. 1961ರಲ್ಲಿ ಇಬ್ಬರೂ ಮದುವೆಯಾದರು. ಐವತ್ತೆಂಟು ವರ್ಷಗಳಿಗೂ ಮೀರಿ ನಡೆದ ಆ ದಾಂಪತ್ಯದಲ್ಲಿ ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ.

ಅಂತರರಾಷ್ಟ್ರೀಯ ಬ್ಯಾಂಕರ್ ಎಂದರೆ ಏನು ಕೆಲಸ ಎಂಬುದನ್ನು ಇಲ್ಲಿ ಹೇಳಬೇಕು, ಏಕೆಂದರೆ ಠೇವಣಿ ಪಡೆದು ಸಾಲ ಕೊಡುವ ನಮ್ಮ ಶಾಖೆಗಳ ಚಿತ್ರ ಮನಸ್ಸಿನಲ್ಲಿದ್ದರೆ ಅವರ ಬದುಕು ಅರ್ಥವಾಗುವುದಿಲ್ಲ. ಲಂಡನ್ನಿನ ಶ್ರೋಡರ್ಸ್, ನ್ಯೂಯಾರ್ಕಿನ ಸಾಲೊಮನ್ ಬ್ರದರ್ಸ್ ಮುಂತಾದ ಸಂಸ್ಥೆಗಳಲ್ಲಿ ಅವರು ಮಾಡುತ್ತಿದ್ದುದು ಮುಖ್ಯವಾಗಿ ಸಂಧಾನ: ಹಣ ಬೇಕಾದವರನ್ನೂ ಹಣ ಉಳ್ಳವರನ್ನೂ ಒಂದೇ ಮೇಜಿನ ಸುತ್ತ ಕೂರಿಸಿ, ಇಬ್ಬರೂ ಸಹಿ ಹಾಕಬಹುದಾದ ಕಾಗದವೊಂದನ್ನು ಸಿದ್ಧಪಡಿಸುವುದು. ಇದರ ದೊಡ್ಡ ಉದಾಹರಣೆ ಕ್ರೈಸ್ಲರ್ ಕಾರು ಕಂಪನಿಯದು. 1979ರಲ್ಲಿ ಆ ಕಂಪನಿ ಮುಳುಗುವ ಹಂತಕ್ಕೆ ಬಂದಾಗ ಅಮೆರಿಕ ಸರ್ಕಾರ 150 ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಲ್ಲಲು ಒಪ್ಪಿತು. ಆದರೆ ಅದಕ್ಕೆ ಮೊದಲು, ಕಂಪನಿಗೆ ಸಾಲ ಕೊಟ್ಟಿದ್ದ ಸುಮಾರು 400 ಬ್ಯಾಂಕುಗಳು ತಮ್ಮ ತಮ್ಮ ಬಾಕಿಯಲ್ಲಿ ಅಷ್ಟಿಷ್ಟು ಬಿಟ್ಟುಕೊಡಬೇಕಾಗಿತ್ತು. ಕಂಪನಿಯ ಪರವಾಗಿ ಆ ಸಂಧಾನದಲ್ಲಿ ಕೆಲಸ ಮಾಡಿದವರಲ್ಲಿ ವುಲ್ಫೆನ್‌ಸನ್ ಪ್ರಮುಖರು. ಒಂದೇ ಸಾಲಗಾರನ ವಿಷಯದಲ್ಲಿ ಮೂರು ಬ್ಯಾಂಕುಗಳನ್ನು ಒಪ್ಪಿಸುವುದು ಎಷ್ಟು ಕಷ್ಟವೆಂಬುದನ್ನು ಕಂಡಿರುವ ನನಗೆ ಆ 400 ಎಂಬ ಸಂಖ್ಯೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಕ್ರೈಸ್ಲರ್ ಆ ಸಾಲವನ್ನು ಅವಧಿಗೆ ಏಳು ವರ್ಷ ಮೊದಲೇ, 1983ರಲ್ಲಿ, ತೀರಿಸಿತು. ಅಷ್ಟರಲ್ಲಿ ವುಲ್ಫೆನ್‌ಸನ್ 1981ರಲ್ಲೇ ತಮ್ಮದೇ ಹೆಸರಿನ ಸಂಸ್ಥೆ ತೆರೆದಿದ್ದರು. ಅಮೆರಿಕದ ಕೇಂದ್ರೀಯ ಬ್ಯಾಂಕಿನ ಮುಖ್ಯಸ್ಥರಾಗಿ ನಿವೃತ್ತರಾದ ಪಾಲ್ ವೋಲ್ಕರ್ ಅಂಥವರೇ ಬಂದು ಅದರಲ್ಲಿ ಸೇರಿದರೆಂಬುದು ಆ ಸಂಸ್ಥೆಗಿದ್ದ ಹೆಸರನ್ನು ತಿಳಿಸುತ್ತದೆ.

ಇಷ್ಟೆಲ್ಲ ದುಡಿಮೆಯ ನಡುವೆ ನಡೆದ ಒಂದು ಸಂಗತಿ ಅವರ ಯಾವ ಹುದ್ದೆಗಿಂತಲೂ ನನಗೆ ದೊಡ್ಡದಾಗಿ ಕಾಣುತ್ತದೆ. ಲಂಡನ್ನಿನ ದಿನಗಳಲ್ಲಿ ಪ್ರಸಿದ್ಧ ಚೆಲ್ಲೋ ವಾದಕಿ ಜಾಕ್ವೆಲಿನ್ ದು ಪ್ರೆ ವುಲ್ಫೆನ್‌ಸನ್ ಕುಟುಂಬಕ್ಕೆ ಸ್ನೇಹಿತೆಯಾಗಿದ್ದರು. 1973ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಆಕೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇರುವುದು ಖಚಿತವಾಯಿತು. ಬೆರಳುಗಳು ಹಿಡಿತ ಕಳೆದುಕೊಂಡವು, ವೇದಿಕೆ ದೂರವಾಯಿತು. ಆಗ ವುಲ್ಫೆನ್‌ಸನ್, ನಲವತ್ತು ದಾಟಿದ, ಬಿಡುವೇ ಇಲ್ಲದ ಬ್ಯಾಂಕರ್, ಆಕೆಯ ಶಿಷ್ಯನಾಗಿ ಚೆಲ್ಲೋ ಹಿಡಿದು ಕುಳಿತರು. ಐವತ್ತನೆಯ ಹುಟ್ಟುಹಬ್ಬದ ದಿನ ನ್ಯೂಯಾರ್ಕಿನ ಹೆಸರಾಂತ ಸಂಗೀತ ಸಭಾಂಗಣವಾದ ಕಾರ್ನೆಗಿ ಹಾಲ್‌ನಲ್ಲಿ ಕಛೇರಿ ಕೊಡಬೇಕೆಂಬುದು ಗುರುವಿನ ಷರತ್ತು. 1983ರ ಡಿಸೆಂಬರ್ 1ರಂದು ಅವರು ಆ ಷರತ್ತನ್ನು ಪೂರೈಸಿದರು. ಡೇನಿಯಲ್ ಬೇರೆನ್‌ಬಾಯ್ಮ್ ಮತ್ತು ಐಸಾಕ್ ಸ್ಟರ್ನ್ ಅವರಂಥ ದಿಗ್ಗಜರು ಜೊತೆಗೆ ನುಡಿಸಿದರು. ಕಲಿಸಲು ಸಾಧ್ಯವಿದೆ ಎಂಬ ಭರವಸೆ ಕೈ ಸೋತ ಕಲಾವಿದೆಗೆ ಎಷ್ಟು ಬೇಕಾಗಿತ್ತೋ ನಾವು ಊಹಿಸಬಹುದು. ಹಣ ಕಳುಹಿಸಿ ಕೈ ತೊಳೆದುಕೊಳ್ಳಬಹುದಾಗಿದ್ದ ಶ್ರೀಮಂತನೊಬ್ಬ ವಿದ್ಯಾರ್ಥಿಯಾಗಿ, ತಪ್ಪು ಸ್ವರ ನುಡಿಸಿ ಗುರುವಿನಿಂದ ತಿದ್ದಿಸಿಕೊಳ್ಳುತ್ತ, ತನ್ನ ವೇಳೆಯನ್ನೇ ಕೊಟ್ಟನೆಂಬುದರಲ್ಲಿ ಆತನ ಸ್ವಭಾವವೆಲ್ಲ ಇದೆ. ದು ಪ್ರೆ 1987ರಲ್ಲಿ ತೀರಿಕೊಂಡರು. ವುಲ್ಫೆನ್‌ಸನ್ ಆ ರೋಗಿಗಳ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟದ ಹೊಣೆ ಹೊತ್ತರು. ಶಿಥಿಲವಾಗಿದ್ದ ಕಾರ್ನೆಗಿ ಹಾಲ್‌ನ ಅಧ್ಯಕ್ಷರಾಗಿ ಹಣ ಕೂಡಿಸಿ, ಕಟ್ಟಡವನ್ನು ಜೀರ್ಣೋದ್ಧಾರ ಮಾಡಿಸಿ, 1986ರಲ್ಲಿ ಮತ್ತೆ ಬಾಗಿಲು ತೆರೆಸಿದರು. ಸಂಗೀತ ಅವರ ಮನೆಯ ಒಳಗೂ ಇತ್ತು. ಮಕ್ಕಳಿಗೆ ಅದು ತಂದೆಯಿಂದ ಬಂದ ಆಸ್ತಿ.

ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ವುಲ್ಫೆನ್‌ಸನ್ ಅವರನ್ನು ವಿಶ್ವ ಬ್ಯಾಂಕಿನ ಅಧ್ಯಕ್ಷ ಹುದ್ದೆಗೆ ಸೂಚಿಸಿದ್ದು 1995ರಲ್ಲಿ. ಆ ಹುದ್ದೆಗೆ ಅಮೆರಿಕದ ಪ್ರಜೆಯನ್ನೇ ನೇಮಿಸುವ ವಾಡಿಕೆ ಸಂಸ್ಥೆ ಹುಟ್ಟಿದಾಗಿನಿಂದ ನಡೆದುಬಂದಿದೆ. ವುಲ್ಫೆನ್‌ಸನ್ 1980ರಲ್ಲೇ ಅಮೆರಿಕದ ಪೌರತ್ವ ಪಡೆದಿದ್ದರು, ಅದಕ್ಕಾಗಿ ಅಂದಿನ ಕಾನೂನಿನಂತೆ ಹುಟ್ಟಿದ ದೇಶದ ಪೌರತ್ವವನ್ನು ಬಿಡಬೇಕಾಯಿತು. 2010ರಲ್ಲಿ ಆಸ್ಟ್ರೇಲಿಯಾದ ಪೌರತ್ವವನ್ನು ಅವರು ಮತ್ತೆ ಪಡೆದುಕೊಂಡರು. ಎಪ್ಪತ್ತಾರರ ಮುದುಕನಿಗೆ ಅದರಿಂದ ವ್ಯವಹಾರದ ಲಾಭ ಏನೂ ಇರಲಿಲ್ಲ. ಅಪ್ಪ ಅಮ್ಮ ಬಾಳಿದ ನೆಲದ ಋಣ ಎಂದೇ ಅದನ್ನು ನಾನು ಓದುತ್ತೇನೆ.

ಅವರು ಬಂದಾಗ ವಿಶ್ವ ಬ್ಯಾಂಕಿನ ಪರಿಸ್ಥಿತಿ ಚೆನ್ನಾಗಿರಲಿಲ್ಲ. 1992ರಲ್ಲಿ ಬ್ಯಾಂಕೇ ಮಾಡಿಸಿಕೊಂಡ ಒಳಗಿನ ಪರಿಶೀಲನೆ, ಆಗಷ್ಟೇ ಮುಗಿದ ಯೋಜನೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ತೃಪ್ತಿಕರವಲ್ಲ ಎಂದು ಹೇಳಿತ್ತು. ಕಾರಣವನ್ನೂ ಆ ವರದಿ ಮುಚ್ಚಿಡಲಿಲ್ಲ. ಎಷ್ಟು ಸಾಲ ಮಂಜೂರು ಮಾಡಿಸಿದೆ ಎಂಬುದರ ಮೇಲೆ ಅಧಿಕಾರಿಯ ಬೆಲೆ ನಿಗದಿಯಾಗುತ್ತಿತ್ತು. ಆ ಸಾಲದಿಂದ ತೋಡಿದ ಕಾಲುವೆಯಲ್ಲಿ ನೀರು ಹರಿಯಿತೇ ಎಂದು ಹಿಂದಿರುಗಿ ನೋಡುವವರು ಕಡಿಮೆ. ಗುರಿ ಮುಟ್ಟುವ ಮಾರ್ಚ್ ತಿಂಗಳ ಧಾವಂತವನ್ನು ಬಲ್ಲ ನಮ್ಮ ಯಾವ ಬ್ಯಾಂಕ್ ನೌಕರನಿಗೂ ಈ ರೋಗದ ಲಕ್ಷಣವನ್ನು ವಿವರಿಸಬೇಕಾಗಿಲ್ಲ. ಭಾರತದ ಮಟ್ಟಿಗೆ ನರ್ಮದಾ ಅಣೆಕಟ್ಟೆಯ ವಿವಾದ ಬ್ಯಾಂಕಿನ ಹೆಸರಿಗೆ ಆಗಲೇ ಪೆಟ್ಟು ಕೊಟ್ಟಿತ್ತು. ಅಧಿಕಾರ ವಹಿಸಿಕೊಂಡು ಎರಡೇ ತಿಂಗಳಿಗೆ, 1995ರ ಆಗಸ್ಟ್‌ನಲ್ಲಿ, ವುಲ್ಫೆನ್‌ಸನ್ ನೇಪಾಳದ ಅರುಣ್-3 ಜಲವಿದ್ಯುತ್ ಯೋಜನೆಯಿಂದ ಬ್ಯಾಂಕನ್ನು ಹಿಂದಕ್ಕೆ ಸರಿಸಿದರು. ಒಮ್ಮೆ ಹೊರಟ ಸಾಲದ ಕಡತವನ್ನು ನಿಲ್ಲಿಸುವುದು ಎಂಥ ಕೆಲಸವೆಂದು ಬಲ್ಲವರು ಆ ನಿರ್ಧಾರದ ತೂಕವನ್ನು ಅಳೆಯಬಲ್ಲರು.

1997ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಅವರು ಹೇಳಿದ ಒಂದು ಪ್ರಸಂಗವನ್ನು ತಮ್ಮ ಓದುಗರು ತಿಳಿಯಲೇಬೇಕು. ಬ್ರೆಜಿಲ್‌ನ ರಿಯೊ ನಗರದ ಗುಡ್ಡದ ಮೇಲಿನ ಕೊಳೆಗೇರಿಯೊಂದಕ್ಕೆ ಅವರು ಹೋಗಿದ್ದರು. ಬ್ಯಾಂಕಿನ ಸಾಲದಿಂದ ಅಲ್ಲಿಗೆ ನಲ್ಲಿ ನೀರು ಬಂದಿತ್ತು. ಅದಕ್ಕೆ ಮೊದಲು ಹೆಂಗಸರು ಗುಡ್ಡದ ಬುಡದಿಂದ ನೀರು ಹೊತ್ತು ತರಬೇಕಿತ್ತು. ಒಬ್ಬೊಬ್ಬರಾಗಿ ಬಂದ ಆ ಹೆಂಗಸರು ಅತಿಥಿಗೆ ನಲ್ಲಿಯನ್ನು ತೋರಿಸಿದ ಮೇಲೆ ಒಂದು ಕಾಗದವನ್ನೂ ತೋರಿಸತೊಡಗಿದರು. ನೀರು ಬಂದ ಸಂತೋಷ ಇರಬೇಕು ಎಂದುಕೊಂಡ ವುಲ್ಫೆನ್‌ಸನ್ ಅವರಿಗೆ ಜೊತೆಗಿದ್ದ ಸರ್ಕಾರದ ಪ್ರತಿನಿಧಿ ವಿಷಯ ತಿಳಿಸಿದರು: ಅದು ನೀರಿನ ಬಿಲ್ಲು. ಅದರ ಮೇಲೆ ಆಕೆಯ ಹೆಸರು ಮತ್ತು ವಿಳಾಸ ಅಚ್ಚಾಗಿತ್ತು. ಹೆಸರೂ ವಿಳಾಸವೂ ಇರುವ ಸರ್ಕಾರಿ ಕಾಗದ ಅವರ ಬದುಕಿನಲ್ಲಿ ಬಂದದ್ದು ಅದೇ ಮೊದಲು, ಮತ್ತು ಆ ಕಾಗದವನ್ನು ತೋರಿಸಿದರೆ ಅಂಗಡಿಯಲ್ಲಿ ಸಾಲವಾಗಿ ವಸ್ತು ಕೊಳ್ಳಲೂ ಸಾಧ್ಯವಿತ್ತು. ಹಣ ಕಟ್ಟಬೇಕಾದ ಬಿಲ್ಲನ್ನು ಹೆಮ್ಮೆಯಿಂದ ತೋರಿಸಿದ ಆ ಹೆಂಗಸರನ್ನು ಮುಂದಿಟ್ಟುಕೊಂಡೇ ಅವರು ಜಗತ್ತಿನ ಹಣಕಾಸು ಮಂತ್ರಿಗಳಿಗೆ, ಯಾರನ್ನೂ ಹೊರಗಿಡದ ಅಭಿವೃದ್ಧಿ ಎಂದರೇನೆಂದು ವಿವರಿಸಿದರು. ಸಾಲದ ಮೊತ್ತ, ಬಡ್ಡಿ ದರ, ಕಂತುಗಳ ಲೆಕ್ಕ ಇವುಗಳ ನಡುವೆ ಬೆಳೆದ ಬ್ಯಾಂಕರ್ ಒಬ್ಬ ಆ ಕಾಗದದಲ್ಲಿ ಓದಿದ್ದು ಬಾಕಿಯನ್ನಲ್ಲ, ಹೆಸರನ್ನು. ಕರ್ನಾಟಕದಲ್ಲಿ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳ ಸುಜಲ ಜಲಾನಯನ ಯೋಜನೆಗೆ ಬ್ಯಾಂಕಿನ ನೆರವು ಮಂಜೂರಾದದ್ದು 2001ರಲ್ಲಿ, ಅವರ ಅವಧಿಯಲ್ಲೇ. ಅದರ ಬಗ್ಗೆ ಮೊತ್ತವನ್ನು ಬಿಟ್ಟು, ಯಾರ ಹೊಲದಲ್ಲಿ ಬದು ಬಿತ್ತು, ಯಾರ ಬಾವಿಗೆ ನೀರು ಬಂತು ಎಂದು ಬರೆದ ವರದಿಗಳು ಇನ್ನೂ ಹೆಚ್ಚು ಬರಬೇಕಿತ್ತು.

ಅವರೇ ಆರಂಭಿಸಿದ ಇನ್ನೊಂದು ಕೆಲಸವನ್ನೂ ಇಲ್ಲಿ ನೆನೆಯಬೇಕು. ಅರುವತ್ತು ದೇಶಗಳ 60,000ಕ್ಕೂ ಹೆಚ್ಚು ಬಡ ಗಂಡಸರು ಹೆಂಗಸರ ಮಾತುಗಳನ್ನು ಬ್ಯಾಂಕ್ ಸಂಗ್ರಹಿಸಿ ಪ್ರಕಟಿಸಿತು. ಬಡತನವೆಂದರೆ ಆದಾಯದ ಕೊರತೆ ಮಾತ್ರವೆಂದು ತಿಳಿದಿದ್ದ ಅರ್ಥಶಾಸ್ತ್ರಜ್ಞರಿಗೆ ಆ ಜನ ಹೇಳಿದ್ದು ಬೇರೆಯೇ: ಅಧಿಕಾರಿಯ ಮುಂದೆ ದನಿ ಎತ್ತಲಾಗದ ಅವಮಾನ, ಪೊಲೀಸರ ಭಯ, ಯಾರೂ ತಮ್ಮ ಮಾತು ಕೇಳುವುದಿಲ್ಲವೆಂಬ ಸಂಕಟ.

ಭ್ರಷ್ಟಾಚಾರದ ವಿಷಯದಲ್ಲಿ ಅವರು ಮಾಡಿದ್ದು ಇಂದು ಸಾಧಾರಣವಾಗಿ ಕಾಣಬಹುದು, ಅಂದು ಹಾಗಿರಲಿಲ್ಲ. ರಾಜಕೀಯದಲ್ಲಿ ತಲೆ ಹಾಕಬಾರದೆಂಬ ನಿಯಮ ಬ್ಯಾಂಕಿನ ಸ್ಥಾಪನಾ ಒಪ್ಪಂದದಲ್ಲೇ ಇದೆ. ಅದನ್ನು ನೆಪವಾಗಿಟ್ಟುಕೊಂಡು ಸಂಸ್ಥೆಯೊಳಗೆ ಆ ಶಬ್ದವನ್ನೇ ಯಾರೂ ಎತ್ತುತ್ತಿರಲಿಲ್ಲ. ಎತ್ತಬಾರದೆಂದು ಕಾನೂನು ಸಲಹೆಗಾರರು ತಮಗೂ ಹೇಳಿದ್ದರೆಂದು ವುಲ್ಫೆನ್‌ಸನ್ ನಂತರ ನೆನಪಿಸಿಕೊಂಡಿದ್ದಾರೆ. ಬ್ಯಾಂಕಿನಲ್ಲಿ ಹಿರಿಯ ಅಧಿಕಾರಿಯಾಗಿದ್ದ ಪೀಟರ್ ಐಗೆನ್ ಇದೇ ಮೌನದಿಂದ ಬೇಸತ್ತು ಹೊರಬಂದು 1993ರಲ್ಲಿ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಎಂಬ ಭ್ರಷ್ಟಾಚಾರ ವಿರೋಧಿ ಸಂಸ್ಥೆಯನ್ನು ಕಟ್ಟಿದವರು. 1996ರ ವಾರ್ಷಿಕ ಸಭೆಯಲ್ಲಿ ವುಲ್ಫೆನ್‌ಸನ್ ಎಲ್ಲರೆದುರು ಭ್ರಷ್ಟಾಚಾರವನ್ನು ಕ್ಯಾನ್ಸರ್ ಎಂದು ಕರೆದರು. ಲಂಚ ತಿಂದು ಹೋದ ಪ್ರತಿ ರೂಪಾಯಿಯೂ ಬಡವನ ಸಾಲದ ಪುಸ್ತಕದಲ್ಲಿ ಉಳಿಯುತ್ತದೆ ಎಂಬುದು ಬ್ಯಾಂಕಿನವರಿಗೆ ತಿಳಿಯದ್ದೇನೂ ಅಲ್ಲ. ಬಾಯಿಬಿಟ್ಟು ಹೇಳುವ ಧೈರ್ಯ ಮೇಲಿನಿಂದ ಬರಬೇಕಿತ್ತು, ಬಂತು.

ಅದೇ ವರ್ಷ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಜೊತೆ ಸೇರಿ, ಸಾಲದ ಹೊರೆಯಲ್ಲಿ ಮುಳುಗಿದ ಕಡು ಬಡ ದೇಶಗಳಿಗೆ ಋಣಪರಿಹಾರ ಕೊಡುವ ಕಾರ್ಯಕ್ರಮ ಶುರುವಾಯಿತು. ತಾನು ಕೊಟ್ಟ ಸಾಲವನ್ನು ತಾನೇ ಬಿಡುವುದೆಂದರೆ ಪೇಟೆಯಲ್ಲಿ ತನ್ನ ಹೆಸರು ಕೆಟ್ಟೀತೆಂದು ಬ್ಯಾಂಕು ಅಲ್ಲಿಯವರೆಗೆ ಹೆದರುತ್ತಿತ್ತು. ಯುಗಾಂಡ 1998ರಲ್ಲಿ ಆ ಕಾರ್ಯಕ್ರಮವನ್ನು ಪೂರೈಸಿದ ಮೊದಲ ದೇಶವಾಯಿತು. ನೆರವು ಸಾಲದು, ತಡವಾಯಿತು ಎಂಬ ಟೀಕೆ ಬಂದು 1999ರಲ್ಲಿ ಅದನ್ನು ಹಿಗ್ಗಿಸಬೇಕಾಯಿತು. ವಸೂಲಾಗದ ಸಾಲವನ್ನು ಹೊಸ ಸಾಲದಿಂದ ಮುಚ್ಚುತ್ತ ಹೋಗುವುದು ಸಾಲ ಕೊಟ್ಟವನಿಗೂ ತೆಗೆದುಕೊಂಡವನಿಗೂ ಒಳ್ಳೆಯದಲ್ಲ ಎಂಬ ಸರಳ ಬ್ಯಾಂಕಿಂಗ್ ವಿವೇಕ ಇದರಲ್ಲಿದೆ. ದಾನದ ಮಾತಿಗಿಂತ ಆ ವಿವೇಕವೇ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ.

ಅವರ ಮೇಲೆ ಬಂದ ದೂರುಗಳನ್ನು ಮರೆಮಾಡುವ ಇಚ್ಛೆ ನನಗಿಲ್ಲ. ಮುಂಗೋಪಿ ಎಂಬ ಮಾತಿತ್ತು. ಸಂಸ್ಥೆಯನ್ನು ಮತ್ತೆ ಮತ್ತೆ ಪುನರ್‌ರಚಿಸಿ ನೌಕರರನ್ನು ದಣಿಸಿದರೆಂಬ ಅಸಮಾಧಾನ ಒಳಗೇ ಇತ್ತು. ಹೊರಗೆ, 2000ದಲ್ಲಿ ವಾಷಿಂಗ್ಟನ್ ಮತ್ತು ಪ್ರಾಗ್ ನಗರಗಳಲ್ಲಿ ಬ್ಯಾಂಕಿನ ಸಭೆಗಳ ಸುತ್ತ ಪ್ರತಿಭಟನೆಗಳು ನಡೆದವು. ಬಡ ದೇಶಗಳ ಮೇಲೆ ಹೇರಿದ ಆರ್ಥಿಕ ಷರತ್ತುಗಳು ಶಾಲೆ, ಆಸ್ಪತ್ರೆಗಳಿಗೆ ಪೆಟ್ಟು ಕೊಟ್ಟವೆಂಬ ಆಕ್ಷೇಪದಲ್ಲಿ ನಿಜವಿದೆ, ಮತ್ತು ಹತ್ತು ವರ್ಷದಲ್ಲಿ ಅದೆಲ್ಲವನ್ನೂ ಒಬ್ಬ ಅಧ್ಯಕ್ಷ ಬದಲಿಸಲಿಲ್ಲ. ಆದರೂ ವಾಷಿಂಗ್ಟನ್ನಿನಲ್ಲಿ ಕುಳಿತು ದೂರದ ದೇಶವನ್ನು ಆಳುತ್ತಿದ್ದ ನಿರ್ದೇಶಕರಲ್ಲಿ ಬಹುಪಾಲು ಜನರನ್ನು ಆಯಾ ದೇಶಗಳಿಗೇ ಕಳುಹಿಸಿದವರು ಅವರು. ತಾವೇ ನೂರಕ್ಕೂ ಹೆಚ್ಚು ದೇಶಗಳಿಗೆ ಹೋದರು. ಶಿಕ್ಷಣ ಕ್ಷೇತ್ರದ ಪರಿಣತೆಯಾದ ಇಲೇನ್ ಅನೇಕ ಪ್ರವಾಸಗಳಲ್ಲಿ ಜೊತೆಗಿದ್ದು, ಮಕ್ಕಳ ಕಲಿಕೆಯ ಬಗ್ಗೆ ವಿಶೇಷ ಆಸಕ್ತಿ ವಹಿಸಿದರು. ಕುಟುಂಬವತ್ಸಲ ಎಂಬ ವಿಶೇಷಣವನ್ನು ನಾವು ದೊಡ್ಡವರ ನಿಧನವಾರ್ತೆಯ ಕೊನೆಯ ಸಾಲಿನಲ್ಲಿ, ಮಕ್ಕಳ ಸಂಖ್ಯೆಯ ಪಕ್ಕದಲ್ಲಿ, ಸೇರಿಸಿ ಕೈಬಿಡುತ್ತೇವೆ. ಈ ದಂಪತಿಯ ವಿಷಯದಲ್ಲಿ ಮನೆಯನ್ನೂ ಕೆಲಸವನ್ನೂ ಬೇರೆ ಬೇರೆ ಮಾಡಿ ಬರೆಯುವುದು ಸರಿಯಾಗದು. ಹಣದ ಆತಂಕವಿದ್ದ ತಂದೆ ತಾಯಿಯ ಮಗನೇ ಋಣಪರಿಹಾರದ ಕಡತಕ್ಕೆ ಸಹಿ ಹಾಕಿದವನು, ಶಿಕ್ಷಣತಜ್ಞೆಯ ಗಂಡನೇ ಶಾಲೆಗಳ ಬಗ್ಗೆ ಮಂತ್ರಿಗಳನ್ನು ಕೇಳಿದವನು.

2005ರಲ್ಲಿ ಬ್ಯಾಂಕನ್ನು ಬಿಟ್ಟ ಮೇಲೆ ವಿಶ್ರಾಂತಿ ಪಡೆಯುವ ವಯಸ್ಸಿನಲ್ಲಿ ಅವರು ಗಾಜಾದಿಂದ ಇಸ್ರೇಲ್ ಹಿಂದೆ ಸರಿಯುವ ಪ್ರಕ್ರಿಯೆಗೆ ವಿಶೇಷ ಪ್ರತಿನಿಧಿಯಾದರು. ಇಸ್ರೇಲಿ ನೆಲಸಿಗರು ಬಿಟ್ಟುಹೋಗುವ ಹಸಿರುಮನೆಗಳನ್ನು ಪ್ಯಾಲೆಸ್ಟೀನಿಯರ ದುಡಿಮೆಗೆ ಉಳಿಸಬೇಕೆಂದು 1.4 ಕೋಟಿ ಡಾಲರ್ ಕೂಡಿಸಿದರು, ಅದರಲ್ಲಿ ಐದು ಲಕ್ಷ ಡಾಲರ್ ಅವರ ಸ್ವಂತದ್ದು. ಹಸಿರುಮನೆಗಳಲ್ಲಿ ಕೆಲವು ಲೂಟಿಯಾದವು, ಬೆಳೆದ ಫಸಲು ಗಡಿ ದಾಟಲಾರದೆ ಹಾಳಾಯಿತು, ಮರುವರ್ಷ ಅವರು ಆ ಹೊಣೆಯಿಂದ ಹೊರಬಂದರು. ಜೀವಮಾನವೆಲ್ಲ ಸಂಧಾನ ಮಾಡಿ ಗೆದ್ದವರಿಗೆ ಅದು ಕಹಿಯಾದ ಸೋಲು. ಯಹೂದಿ ಮನೆಯಲ್ಲಿ ಹುಟ್ಟಿದ ವ್ಯಕ್ತಿಯೊಬ್ಬರು ಪ್ಯಾಲೆಸ್ಟೀನಿನ ರೈತರ ಫಸಲಿಗಾಗಿ ತಮ್ಮ ಜೇಬಿನಿಂದ ಹಣ ಹಾಕಿದ್ದನ್ನು, ಯೋಜನೆ ಸೋತಿತೆಂಬ ಕಾರಣಕ್ಕೆ, ಲೆಕ್ಕದಿಂದ ಕೈಬಿಡಬಾರದು.

ಇಲೇನ್ 2020ರ ಆಗಸ್ಟ್‌ನಲ್ಲಿ ತೀರಿಕೊಂಡರು. ಮೂರು ತಿಂಗಳಿಗೆ ಅವರೂ ಹೋದರು.

ಸಂಪಾದಕರಲ್ಲಿ ನನ್ನ ಕೋರಿಕೆ ಎರಡು. 1997ರ ಹಾಂಗ್‌ಕಾಂಗ್ ಭಾಷಣವನ್ನು ಯೋಗ್ಯ ಅನುವಾದಕರಿಂದ ಕನ್ನಡಕ್ಕೆ ತರಿಸಿ ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಪ್ರಕಟಿಸಬೇಕು. ಅರ್ಥಶಾಸ್ತ್ರ ಓದುವ ನಮ್ಮ ವಿದ್ಯಾರ್ಥಿಗಳಿಗೂ, ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿ ಹೊಸದಾಗಿ ಕುಳಿತ ಯುವ ಅಧಿಕಾರಿಗಳಿಗೂ ಅದು ಬೇಕು. ಎರಡನೆಯದು, ಮುಂದೆ ವಿಶ್ವ ಬ್ಯಾಂಕಿನ ನೆರವಿನ ಯಾವುದೇ ಯೋಜನೆಯ ಸುದ್ದಿ ಬಂದಾಗ, ಮಂಜೂರಾತಿಯ ದಿನ ಮೊತ್ತವನ್ನು ಅಚ್ಚು ಹಾಕಿದಂತೆಯೇ, ಯೋಜನೆ ಮುಗಿದು ಒಂದು ವರ್ಷವಾದ ಮೇಲೆ ತಮ್ಮ ವರದಿಗಾರರೊಬ್ಬರನ್ನು ಆ ಸ್ಥಳಕ್ಕೆ ಕಳುಹಿಸಿ, ಅಲ್ಲಿನ ಜನರನ್ನು ಮಾತನಾಡಿಸಿ, ಅವರು ಹೇಳಿದ್ದನ್ನು ಅದೇ ಪುಟದಲ್ಲಿ ಪ್ರಕಟಿಸಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಅಧಿಕಾರಿ